ರಿಪೋರ್ಟ್ ಬಂದಿದ್ದು ಬೋರ್‌ವೆಲ್ಲಿಂದಲ್ಲ, ಬಾಟಲಿದು

ಬಸ್ಸಲ್ಲಿದ್ದೀರೋ, ಮೆಟ್ರೋದಲ್ಲಿ ನೇತಾಡ್ತಾ ಇದ್ದೀರೋ, ಇಲ್ಲಾ ರಾತ್ರಿ ಪಾತ್ರೆ ತೊಳೀತಾ ಇಯರ್‌ಫೋನ್ ಹಾಕ್ಕೊಂಡಿದ್ದೀರೋ, ಎಲ್ಲೇ ಇರಿ, ಸ್ವಾಗತ. ಪಾತ್ರೆ ತೊಳೀತಿದ್ರೆ ಒಂದು ಸಲ ಆ ನಲ್ಲಿ ಕಡೆ ನೋಡಿ. ಇವತ್ತಿನ ಮಾತು ಅದರ ಬಗ್ಗೇನೇ.

ಮೊದಲೇ ಹೇಳಿಬಿಡ್ತೀನಿ, ಈ ಸಂಚಿಕೆ ಮಾಡೋಕೆ ನನಗೆ ನಾಚಿಕೆ ಇತ್ತು. ಎರಡು ಸಲ ರೆಕಾರ್ಡ್ ಮಾಡಿ ಅಳಿಸಿದೀನಿ. ಯಾಕಂದ್ರೆ ಇದು ನಾನು ಮಾಡಿದ ತಪ್ಪಿನ ಕಥೆ. ನೀರು ಟೆಸ್ಟ್ ಮಾಡಿಸದೇ ಇದ್ದ ತಪ್ಪಲ್ಲ. ಟೆಸ್ಟ್ ಮಾಡಿಸಿದ ತಪ್ಪು.

ನಮ್ಮೂರು ಕೋಲಾರ ಜಿಲ್ಲೆ. ನಮ್ಮ ಕಡೆ ಕೆರೆ ತುಂಬೋದು ಸುದ್ದಿ, ಬೋರ್‌ವೆಲ್ ಕೊರೆಸೋದು ದಿನಚರಿ. ಮನೆ ಹಿಂದೆ ಬೋರ್, ಅದರಿಂದ ಹದಿನೈದು ಹೆಜ್ಜೆ ದೂರದಲ್ಲಿ ದನದ ಕೊಟ್ಟಿಗೆ, ಅದರ ಪಕ್ಕದಲ್ಲಿ ತಿಪ್ಪೆ. ಇನ್ನೊಂದು ಕಡೆ ಶೌಚಾಲಯದ ಗುಂಡಿ. ಬೇಲಿ ಆಚೆ ಟೊಮೆಟೊ ತೋಟ, ಅದಕ್ಕೆ ಯೂರಿಯಾ. ನಮ್ಮ ಕಡೆ ಇದರಲ್ಲಿ ವಿಶೇಷ ಏನೂ ಇಲ್ಲ. ಹತ್ತು ಮನೆ ನೋಡಿದ್ರೆ ಎಂಟು ಹೀಗೇ ಇರ್ತವೆ.

ಹೋದ ವರ್ಷ ನಮ್ಮಕ್ಕ ಬಾಣಂತನಕ್ಕೆ ಊರಿಗೆ ಬಂದಿದ್ಲು. ಮಗುಗೆ ಎರಡು ತಿಂಗಳು. ಹಾಲು ಸಾಲ್ತಿಲ್ಲ ಅಂತ ಡಾಕ್ಟ್ರು ಪುಡಿ ಹಾಲು ಶುರು ಮಾಡಿ ಅಂದ್ರು. ಪುಡಿ ಕಲಸೋಕೆ ನೀರು ಬೇಕಲ್ಲ? ಅಮ್ಮ ಬೋರ್ ನೀರನ್ನೇ ಚೆನ್ನಾಗಿ ಕುದಿಸಿ ಇಡ್ತೀನಿ ಅಂದ್ಲು. ಅಪ್ಪ, "ಇಪ್ಪತ್ತು ವರ್ಷದಿಂದ ಕುಡೀತಿದೀವಿ, ನಮಗೇನಾಗಿದೆ?" ಅಂದ್ರು. ನಾನು ಬೆಂಗಳೂರಿಂದ ಬಂದವನು, ಪಾಡ್‌ಕಾಸ್ಟ್ ಮಾಡೋನು, ನಾಲ್ಕು ವಿಡಿಯೊ ನೋಡಿರೋನು. "ಹಂಗೆಲ್ಲಾ ಆಗಲ್ಲ, ಟೆಸ್ಟ್ ಮಾಡ್ಸೋಣ" ಅಂದೆ. ಮನೇಲಿ ಎಲ್ಲರೂ ನನ್ನನ್ನ ಒಂಥರಾ ಹೆಮ್ಮೆಯಿಂದ ನೋಡಿದ್ರು.

ಶನಿವಾರ ಸಂಜೆ ಫ್ರಿಡ್ಜ್ ಮೇಲೆ ಖಾಲಿ ಬಿದ್ದಿದ್ದ ಮಾವಿನ ಹಣ್ಣಿನ ಜ್ಯೂಸ್ ಬಾಟಲಿ ತಗೊಂಡೆ. ಒಂದು ಸಲ ನೀರು ಹಾಕಿ ಕುಲುಕಿ ಚೆಲ್ಲಿದೆ. ಮೇಲಿನ ಟ್ಯಾಂಕಿಂದ ಬರೋ ಅಡುಗೆಮನೆ ನಲ್ಲಿಯಲ್ಲಿ ತುಂಬಿಸಿದೆ. ಬೈಕಿನ ಪಕ್ಕದ ಬ್ಯಾಗಿಗೆ ಹಾಕಿದೆ. ಭಾನುವಾರ ಲ್ಯಾಬ್ ರಜ. ಸೋಮವಾರ ನನಗೇ ಕೆಲಸ. ಮಂಗಳವಾರ ಮಧ್ಯಾಹ್ನ ಕೊಟ್ಟೆ. ಏಪ್ರಿಲ್ ತಿಂಗಳು, ಬೈಕು ಮೂರು ದಿನ ಬಿಸಿಲಲ್ಲೇ ನಿಂತಿತ್ತು. ಲ್ಯಾಬಲ್ಲಿ ಯಾರೂ ಏನೂ ಕೇಳಲಿಲ್ಲ. ದುಡ್ಡು ತಗೊಂಡ್ರು, ರಸೀದಿ ಕೊಟ್ರು.

ರಿಪೋರ್ಟ್ ಬಂತು. ನೈಟ್ರೇಟ್ ಲೀಟರಿಗೆ 19 ಮಿಲಿಗ್ರಾಂ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ, ಅಂದ್ರೆ ಐಎಸ್ 10500, ಅದರ ಪ್ರಕಾರ ಮಿತಿ 45. ನಾವು ಅರ್ಧಕ್ಕಿಂತ ಕಡಿಮೆ! ಪಿಡಿಎಫ್‌ನ ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ಅಪ್ಪ ಹೆಬ್ಬೆಟ್ಟು ಎತ್ತಿದ್ರು. ಮಾವನೊಬ್ಬರು ಕೈಮುಗಿಯೋ ಎಮೋಜಿ ಹಾಕಿದ್ರು. ಆವತ್ತಿಂದ ಮಗುವಿನ ಬಾಟಲಿಗೆ ಬೋರ್ ನೀರು.

ಹನ್ನೊಂದು ದಿನ.

ಹನ್ನೊಂದನೇ ದಿನ ನಾನು ಇದೇ ಪಾಡ್‌ಕಾಸ್ಟಿಗೆ ನೀರಿನ ಬಗ್ಗೆ ಒಂದು ಸಂಚಿಕೆ ಮಾಡೋಣ ಅಂತ ಒಬ್ಬ ರಸಾಯನಶಾಸ್ತ್ರಜ್ಞೆ ಜೊತೆ ಫೋನಲ್ಲಿ ಮಾತಾಡ್ತಿದ್ದೆ. ವರ್ಷಗಟ್ಟಲೆ ನೀರಿನ ಲ್ಯಾಬಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರ ಹೆಸರು ಹೇಳಲ್ಲ, ಹೇಳಬೇಡ ಅಂದಿದಾರೆ. ನಾನು ಸ್ವಲ್ಪ ಜಂಬದಿಂದ, "ಮೇಡಂ, ನಾವೂ ಟೆಸ್ಟ್ ಮಾಡಿಸಿದ್ವಿ, ನೈಟ್ರೇಟ್ ಬರೀ 19" ಅಂದೆ. ಅವರು ಕೇಳಿದ ಮೊದಲ ಪ್ರಶ್ನೆ: "ಯಾವ ಬಾಟಲಿ?"

ಜ್ಯೂಸ್ ಬಾಟಲಿ ಅಂದೆ.

"ಎಷ್ಟು ದಿನ ಇಟ್ಟಿದ್ರಿ? ಐಸ್ ಇತ್ತಾ?"

ಮೂರು ದಿನ. ಐಸ್ ಇಲ್ಲ. ಬೈಕಲ್ಲಿತ್ತು.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವರು ಹೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ. "ಅದು ನಿಮ್ಮ ಬೋರ್‌ವೆಲ್ ರಿಪೋರ್ಟ್ ಅಲ್ಲಪ್ಪ. ಆ ಬಾಟಲಿ ರಿಪೋರ್ಟ್."

ಏನಾಗಿರುತ್ತೆ ಅಂತ ಅವರು ಬಿಡಿಸಿ ಹೇಳಿದ್ರು. ನೀರಲ್ಲಿ ಬ್ಯಾಕ್ಟೀರಿಯಾ ಇದ್ದೇ ಇರ್ತವೆ. ಅವುಗಳಲ್ಲಿ ಒಂದು ಗುಂಪಿಗೆ ಆಮ್ಲಜನಕ ಸಿಗದೇ ಹೋದ್ರೆ ಅದರ ಬದಲು ನೈಟ್ರೇಟನ್ನ ಬಳಸಿಕೊಂಡು ಬದುಕೋ ಶಕ್ತಿ ಇದೆ. ಹಾಗೆ ಬಳಸಿದಾಗ ನೈಟ್ರೇಟ್ ಒಡೆದು ಕೊನೆಗೆ ಸಾರಜನಕ ಅನಿಲವಾಗಿ ಹೋಗುತ್ತೆ. ಇದಕ್ಕೆ ಅವಕ್ಕೆ ಬೇಕಾಗಿರೋದು ಮೂರೇ: ತಿನ್ನೋಕೆ ಆಹಾರ, ಬೆಚ್ಚಗಿನ ಜಾಗ, ಮುಚ್ಚಿದ ಮುಚ್ಚಳ. ನಾನು ಮೂರೂ ಒದಗಿಸಿದ್ದೆ. ಬಾಟಲಿ ತಳದಲ್ಲಿ ಅಂಟಿದ್ದ ಸಕ್ಕರೆ, ಏಪ್ರಿಲ್ ಬಿಸಿಲು, ಬಿಗಿಯಾಗಿ ತಿರುಗಿಸಿದ ಮುಚ್ಚಳ. ಲ್ಯಾಬಿನವರು ಅಳೆದಿದ್ದರಲ್ಲಿ ತಪ್ಪಿರದೇ ಇರಬಹುದು. ಬ್ಯಾಕ್ಟೀರಿಯಾ ಊಟ ಮಾಡಿ ಎದ್ದ ಮೇಲೆ ಉಳಿದಿದ್ದನ್ನ ಅವರು ಅಳೆದಿದ್ರು, ಅಷ್ಟೇ.

ಫೋನ್ ಇಟ್ಟ ತಕ್ಷಣ ಅಕ್ಕಂಗೆ ಕಾಲ್ ಮಾಡಿದೆ. ರಾತ್ರಿ ಹತ್ತೂವರೆ. "ಮಗುಗೆ ಬೋರ್ ನೀರು ಕೊಡ್ಬೇಡ" ಅಂದೆ. "ಯಾಕೋ, ನೀನೇ ತಾನೇ ಚೆನ್ನಾಗಿದೆ ಅಂದಿದ್ದು?" ಅಂದ್ಲು. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ.

ನೈಟ್ರೇಟ್ ಅಂದ್ರೆ ಯಾಕಿಷ್ಟು ಗಾಬರಿ ಅಂತ ಕೇಳಬಹುದು. ದೊಡ್ಡವರಿಗೆ ಅದು ಕೂಡಲೇ ಏನೂ ಮಾಡಲ್ಲ, ಬಣ್ಣ ಇಲ್ಲ, ವಾಸನೆ ಇಲ್ಲ. ಆದ್ರೆ ಆರು ತಿಂಗಳೊಳಗಿನ ಮಗುವಿನ ಹೊಟ್ಟೆಯಲ್ಲಿ ಆಮ್ಲ ಕಡಿಮೆ. ಅಲ್ಲಿನ ಬ್ಯಾಕ್ಟೀರಿಯಾ ನೈಟ್ರೇಟನ್ನ ನೈಟ್ರೈಟ್ ಮಾಡ್ತವೆ. ಅದು ರಕ್ತಕ್ಕೆ ಸೇರಿ ಹಿಮೋಗ್ಲೋಬಿನ್ ಸ್ವರೂಪವನ್ನೇ ಬದಲಾಯಿಸುತ್ತೆ. ಹಾಗೆ ಬದಲಾದ ಹಿಮೋಗ್ಲೋಬಿನ್ ಆಮ್ಲಜನಕ ಹೊರಲಾರದು. ಮಗುವಿನ ತುಟಿ, ಉಗುರು ನೀಲಿಯಾಗುತ್ತೆ. ಇದಕ್ಕೆ ಬ್ಲೂ ಬೇಬಿ ಸಿಂಡ್ರೋಮ್ ಅಂತಾರೆ. 1945ರಲ್ಲಿ ಅಮೆರಿಕದ ಅಯೋವಾದಲ್ಲಿ ಹಂಟರ್ ಕಾಮ್ಲಿ ಅನ್ನೋ ವೈದ್ಯರು ಇದನ್ನ ಮೊದಲ ಬಾರಿಗೆ ಬಾವಿ ನೀರಿನ ಜೊತೆ ಜೋಡಿಸಿ ಬರೆದರು. ಅವರು ನೋಡಿದ ಮಕ್ಕಳೂ ಹಳ್ಳಿ ಮನೆಯ ಮಕ್ಕಳೇ, ಅವರಿಗೂ ಬಾವಿ ನೀರಲ್ಲಿ ಕಲಸಿದ ಬಾಟಲಿ ಹಾಲೇ.

ಇನ್ನೊಂದು ಮಾತು, ಇದನ್ನ ನಿಮ್ಮ ಅಮ್ಮಂಗೂ ಹೇಳಿ. ಕುದಿಸಿದ್ರೆ ನೈಟ್ರೇಟ್ ಹೋಗಲ್ಲ. ಕ್ರಿಮಿ ಸಾಯುತ್ತೆ, ಸರಿ. ಆದ್ರೆ ಒಂದು ಲೀಟರ್ ನೀರು ಕುದ್ದು ಮುಕ್ಕಾಲು ಲೀಟರ್ ಆದ್ರೆ ನೀರು ಕಡಿಮೆ ಆಯ್ತು, ನೈಟ್ರೇಟ್ ಅಷ್ಟೇ ಉಳೀತು. ಅಂದ್ರೆ ಇನ್ನೂ ಗಟ್ಟಿಯಾಯ್ತು. ನಮ್ಮಮ್ಮ ಪ್ರೀತಿಯಿಂದ ಜಾಸ್ತಿ ಹೊತ್ತು ಕುದಿಸ್ತಿದ್ಲು.

ಇದು ನಮ್ಮ ಮನೆಯೊಂದರ ಕಥೆ ಅಲ್ಲ. ಕೇಂದ್ರೀಯ ಅಂತರ್ಜಲ ಮಂಡಳಿ 2024ರ ಕೊನೆಗೆ ತಂದ ವಾರ್ಷಿಕ ಗುಣಮಟ್ಟ ವರದಿಯಲ್ಲಿ ದೇಶದ ಸುಮಾರು ಶೇ 20ರಷ್ಟು ಮಾದರಿಗಳಲ್ಲಿ ನೈಟ್ರೇಟ್ ಮಿತಿ ಮೀರಿತ್ತು. ಕರ್ನಾಟಕದಲ್ಲಿ ಶೇ 48. ಹತ್ತಿರ ಹತ್ತಿರ ಅರ್ಧ. ರಾಜಸ್ಥಾನ ಬಿಟ್ರೆ ನಾವೇ.

ಸರಿ, ಎರಡನೇ ಸಲ ಏನು ಮಾಡಿದೆ, ಅದನ್ನ ಹೇಳ್ತೀನಿ. ಆ ಮೇಡಂ ಫೋನಲ್ಲಿ ಹೇಳ್ತಾ ಹೋದ್ರು, ನಾನು ಬರ್ಕೊಳ್ತಾ ಹೋದೆ. ನಾನು ಬಿ.ಕಾಂ. ಓದಿದವನು. ವಿಜ್ಞಾನ ಹತ್ತನೇ ಕ್ಲಾಸಿಗೇ ನಿಂತಿದೆ. ಆದ್ರೆ ಅವರು ಹೇಳ್ತಾ ಹೋದಂಗೆ ನನಗೆ ಇದು ಗೊತ್ತಿರೋ ವಿಷಯ ಅನ್ನಿಸ್ತು. ಯಾಕಂದ್ರೆ ಇದು ಆಡಿಟ್. ಲೆಕ್ಕಪತ್ರ ಎಷ್ಟೇ ಚೆನ್ನಾಗಿ ಬರೆದ್ರೂ ಕೆಳಗಿರೋ ವೋಚರ್ ಸುಳ್ಳಾದ್ರೆ ಇಡೀ ಪುಸ್ತಕ ಸುಳ್ಳು. ನೀರಿನ ಟೆಸ್ಟಲ್ಲಿ ವೋಚರ್ ಅಂದ್ರೆ ಆ ಬಾಟಲಿ.

ಮೊದಲನೇದು, ಎಲ್ಲಿಂದ ತಗೋಬೇಕು. ಅಡುಗೆಮನೆ ನಲ್ಲಿ ಅಲ್ಲ. ಟ್ಯಾಂಕಲ್ಲಿ ಪಾಚಿ ಇರುತ್ತೆ, ನಿನ್ನೆ ನೀರು ಇರುತ್ತೆ, ಕೆಲವು ಮನೇಲಿ ಪಂಚಾಯ್ತಿ ನೀರೂ ಅದಕ್ಕೇ ಬಂದು ಬೀಳುತ್ತೆ. ಬೋರ್‌ವೆಲ್ ಬಗ್ಗೆ ತಿಳ್ಕೋಬೇಕು ಅಂದ್ರೆ ಪಂಪಿನಿಂದ ಟ್ಯಾಂಕಿಗೆ ಹೋಗೋ ಪೈಪಲ್ಲಿ, ಟ್ಯಾಂಕಿಗಿಂತ ಮುಂಚೆ, ಫಿಲ್ಟರ್‌ಗಿಂತ ಮುಂಚೆ ಹಿಡೀಬೇಕು. ರಬ್ಬರ್ ಪೈಪ್ ಸಿಕ್ಕಿಸಿದ್ರೆ ಅದನ್ನ ಬಿಚ್ಚಿ. ಹಾಗಂತ ಅಡುಗೆಮನೆ ನಲ್ಲಿ ಯಾವತ್ತೂ ಬೇಡ ಅಂತಲ್ಲ. "ನಾವು ಕುಡಿಯೋ ಲೋಟಕ್ಕೆ ಏನು ಬರ್ತಿದೆ" ಅನ್ನೋದು ಪ್ರಶ್ನೆ ಆದ್ರೆ ಅಲ್ಲಿಂದಲೇ ತಗೋಬೇಕು. ಎರಡೂ ಬೇರೆ ಬೇರೆ ಪ್ರಶ್ನೆ, ಬೇರೆ ಬೇರೆ ಬಾಟಲಿ.

ಎರಡನೇದು, ಪಂಪ್ ಹಾಕಿದ ತಕ್ಷಣ ಹಿಡೀಬಾರದು. ಬೋರ್ ಪೈಪಿನೊಳಗೆ ನಿಂತ ನೀರು ನೆಲದೊಳಗಿನ ನೀರಲ್ಲ. ಗಾಳಿ ತಾಗಿ, ಕಬ್ಬಿಣದ ಪೈಪಿಗೆ ತಾಗಿ ಬದಲಾಗಿರುತ್ತೆ. ನಾನು ಲೆಕ್ಕ ಹಾಕಿದೆ, ಲೆಕ್ಕ ಅಂದ್ರೆ ನನಗೆ ಖುಷಿ. ಆರೂವರೆ ಇಂಚಿನ ಬೋರಲ್ಲಿ ಒಂದು ಮೀಟರ್ ಎತ್ತರಕ್ಕೆ ಸುಮಾರು 21 ಲೀಟರ್ ನೀರು. ನೂರು ಮೀಟರ್ ನೀರು ನಿಂತಿದ್ರೆ 2,100 ಲೀಟರ್. ಬಳಸದೇ ಬಿಟ್ಟ ಬಾವಿಗೆ, ನಿಂತ ನೀರಿನ ಮೂರರಷ್ಟನ್ನ ಹೊರಗೆ ಹಾಕಿ ಆಮೇಲೆ ಮಾದರಿ ತಗೋಳ್ಳಿ ಅನ್ನೋದು ಹಳೇ ನಿಯಮ. ಅಂದ್ರೆ ಆರು ಸಾವಿರ ಲೀಟರ್ ಮೇಲೆ, ಒಂದು ಟ್ಯಾಂಕರ್ ನೀರು. ನಮ್ಮೂರಲ್ಲಿ ಅಷ್ಟು ನೀರು ಮೋರಿಗೆ ಬಿಟ್ರೆ ಅಪ್ಪ ನನ್ನನ್ನೂ ಅದರ ಜೊತೆ ಬಿಡ್ತಾರೆ. ಅದೃಷ್ಟಕ್ಕೆ ದಿನಾ ಓಡೋ ಬೋರಿಗೆ ಅಷ್ಟು ಬೇಡ. ಹತ್ತು ಹದಿನೈದು ನಿಮಿಷ ಓಡಿಸಿ, ಆ ನೀರನ್ನ ಗಿಡಕ್ಕೆ ಬಿಡಿ. ಜೊತೆಗೆ ಒಂದು ಟಿಡಿಎಸ್ ಮೀಟರ್ ಹಿಡ್ಕೊಂಡು ಮೂರು ನಾಲ್ಕು ನಿಮಿಷಕ್ಕೊಂದು ಸಲ ನೋಡಿ. ಮೂರು ಸಲ ಒಂದೇ ಥರ ಸಂಖ್ಯೆ ಬಂದ್ರೆ, ಈಗ ಬರ್ತಿರೋದು ನೆಲದ ನೀರು ಅಂತ ಅರ್ಥ. ನಮ್ಮಲ್ಲಿ ಪಂಪ್ ಹಾಕಿದಾಗ 910 ಇದ್ದಿದ್ದು ಹನ್ನೆರಡು ನಿಮಿಷಕ್ಕೆ 1,040ಕ್ಕೆ ಬಂದು ನಿಂತ್ಕೊಳ್ತು.

ಟಿಡಿಎಸ್ ಮೀಟರ್ ಅಂದೆ ಅಂತ ಅದನ್ನೇ ದೇವರು ಮಾಡ್ಕೋಬೇಡಿ. ಅದು ನೀರಲ್ಲಿ ಒಟ್ಟು ಎಷ್ಟು ಕರಗಿದೆ ಅಂತ ಅಂದಾಜು ಹೇಳುತ್ತೆ, ಏನು ಕರಗಿದೆ ಅಂತ ಹೇಳಲ್ಲ. ಬ್ಯಾಂಕ್ ಬ್ಯಾಲೆನ್ಸ್ ನೋಡಿ ದುಡ್ಡು ಎಲ್ಲಿಂದ ಬಂತು ಅಂತ ಹೇಳೋಕಾಗುತ್ತಾ? ಅಷ್ಟೇ. ಟಿಡಿಎಸ್ 300 ಇರೋ ನೀರಲ್ಲೂ ಫ್ಲೋರೈಡ್ ಮಿತಿ ಮೀರಿರಬಹುದು.

ಮೂರನೇದು, ಬಾಟಲಿ. ಇಲ್ಲಿ ಎಲ್ಲರೂ ಎಡವೋದು. ಒಂದೇ ಬಾಟಲಿಯಲ್ಲಿ ಎಲ್ಲಾ ಟೆಸ್ಟ್ ಆಗಲ್ಲ.

ಉಪ್ಪಿನಂಶ, ಗಡಸುತನ, ಫ್ಲೋರೈಡ್, ನೈಟ್ರೇಟ್ ಇವಕ್ಕೆ ಸ್ವಚ್ಛವಾದ, ಹೊಸ ಪ್ಲಾಸ್ಟಿಕ್ ಬಾಟಲಿ. ಫ್ಲೋರೈಡಿಗೆ ಗಾಜು ಬೇಡ ಅಂತಾರೆ, ಯಾಕಂದ್ರೆ ಅದು ಗಾಜಿನ ಜೊತೆ ವರ್ತಿಸುತ್ತೆ. ತುಂಬೋಕೆ ಮುಂಚೆ ಅದೇ ಬೋರ್ ನೀರಲ್ಲಿ ಬಾಟಲಿ, ಮುಚ್ಚಳ ಎರಡನ್ನೂ ಮೂರು ಸಲ ತೊಳೀಬೇಕು. ಸೋಪು ಬೇಡವೇ ಬೇಡ.

ಕಬ್ಬಿಣ, ಆರ್ಸೆನಿಕ್, ಸೀಸ ಥರದ ಲೋಹಗಳಿಗೆ ಬೇರೆ ಬಾಟಲಿ. ಅದರಲ್ಲಿ ಲ್ಯಾಬಿನವರೇ ಸ್ವಲ್ಪ ನೈಟ್ರಿಕ್ ಆಮ್ಲ ಹಾಕಿ ಕೊಡ್ತಾರೆ, ಪಿಎಚ್ 2ಕ್ಕಿಂತ ಕೆಳಗಿರಬೇಕು. ಯಾಕೆ ಗೊತ್ತಾ? ಕಬ್ಬಿಣ ಇರೋ ಬೋರ್ ನೀರು ಹಿಡಿದಾಗ ತಿಳಿಯಾಗಿರುತ್ತೆ, ಬಕೆಟಲ್ಲಿ ರಾತ್ರಿ ಇಟ್ರೆ ಬೆಳಗ್ಗೆ ತಳದಲ್ಲಿ ಕೆಂಪಗೆ ಕೂತಿರುತ್ತೆ. ನೋಡಿರ್ತೀರ. ಬಾಟಲಿಯಲ್ಲೂ ಅದೇ ಆಗುತ್ತೆ. ಲೋಹ ತಳಕ್ಕೆ, ಗೋಡೆಗೆ ಅಂಟಿಕೊಳ್ಳುತ್ತೆ, ಹೋಗ್ತಾ ಆರ್ಸೆನಿಕನ್ನೂ ಜೊತೆಗೆ ಎಳ್ಕೊಂಡು ಹೋಗುತ್ತೆ. ಲ್ಯಾಬಲ್ಲಿ ಮೇಲಿನ ತಿಳಿನೀರು ಅಳೆದ್ರೆ ಸಂಖ್ಯೆ ಕಡಿಮೆ. ಆಮ್ಲ ಅದನ್ನ ತಡೆಯುತ್ತೆ. ಆಮ್ಲ ಇರೋ ಬಾಟಲಿನ ತೊಳೀಬೇಡಿ, ತುಂಬಿ ಉಕ್ಕಿಸಬೇಡಿ, ಕೈಗೆ ಗ್ಲೌಸ್ ಹಾಕ್ಕೊಳ್ಳಿ. ಮತ್ತೆ ಅದೇ ಬಾಟಲಿಯಲ್ಲಿ ನೈಟ್ರೇಟ್ ಟೆಸ್ಟ್ ಮಾಡಿಸೋಕಾಗಲ್ಲ. ನೈಟ್ರಿಕ್ ಆಮ್ಲದಲ್ಲೇ ನೈಟ್ರೇಟ್ ಇದೆ!

ಬ್ಯಾಕ್ಟೀರಿಯಾ ಟೆಸ್ಟಿಗೆ ಮೂರನೇ ಬಾಟಲಿ. ಲ್ಯಾಬ್ ಕೊಡೋ ಕ್ರಿಮಿರಹಿತ ಬಾಟಲಿ ಮಾತ್ರ. ಇದನ್ನೂ ತೊಳೀಬಾರದು. ಅದರಲ್ಲಿ ಚಿಟಿಕೆ ಬಿಳಿ ಪುಡಿ ಇದ್ರೆ ಕಸ ಅಂತ ಚೆಲ್ಲಬೇಡಿ, ಅದು ನೀರಲ್ಲಿರೋ ಕ್ಲೋರಿನ್ ತೆಗೆಯೋಕೆ ಹಾಕಿರೋದು. ನಲ್ಲಿ ಬಾಯಿನ ಸ್ಪಿರಿಟಲ್ಲಿ ಒರೆಸಿ, ಸ್ವಲ್ಪ ನೀರು ಬಿಟ್ಟು, ಮುಚ್ಚಳದ ಒಳಭಾಗ ಮುಟ್ಟದೇ, ಅದನ್ನ ನೆಲದ ಮೇಲೆ ಇಡದೇ ತುಂಬಿಸಬೇಕು. ಮೇಲೆ ಒಂದು ಇಂಚು ಖಾಲಿ ಬಿಡಿ, ಲ್ಯಾಬಲ್ಲಿ ಕುಲುಕೋಕೆ ಜಾಗ ಬೇಕು. ಮಾನದಂಡ ಏನು ಹೇಳುತ್ತೆ ಅಂದ್ರೆ 100 ಮಿಲಿಲೀಟರಲ್ಲಿ ಒಂದೇ ಒಂದು ಇ. ಕೋಲಿ ಕೂಡ ಇರಬಾರದು. ನಿಮ್ಮ ಬೆರಳು ತಾಗಿದ್ರೆ ಸಾಕು, ನಿಮ್ಮ ಬೋರ್‌ವೆಲ್ ಫೇಲ್.

ಪೆಟ್ರೋಲ್ ಬಂಕ್ ಪಕ್ಕದ ಬಾವಿ ಅಂದ್ರೆ ಇನ್ನೂ ಬೇರೆ. ಪೆಟ್ರೋಲಿನಲ್ಲಿರೋ ಬೆಂಜೀನ್ ಥರದ್ದು ಗಾಳಿಗೆ ಹಾರಿಹೋಗುತ್ತೆ. ಅದಕ್ಕೆ ಚಿಕ್ಕ ಗಾಜಿನ ಶೀಶೆ, ಅಂಚಿನವರೆಗೂ ತುಂಬಿ ಒಂದು ಗುಳ್ಳೆಯೂ ಇರದ ಹಾಗೆ ಮುಚ್ಚಬೇಕು. ಒಂದಕ್ಕೆ ಗಾಳಿ ಬಿಡಬೇಕು, ಇನ್ನೊಂದಕ್ಕೆ ಗಾಳಿ ಇರಲೇಬಾರದು. ಅದಕ್ಕೇ ನೀರು ಹಿಡಿಯೋಕೆ ಮುಂಚೆ ಲ್ಯಾಬಿಗೆ ಫೋನ್ ಮಾಡಿ, "ಯಾವ ಟೆಸ್ಟಿಗೆ ಯಾವ ಬಾಟಲಿ ಕೊಡ್ತೀರ?" ಅಂತ ಕೇಳಿ. ಬಾಟಲಿ ಬಗ್ಗೆ ನಿಮಗೇ ಏನೂ ಕೇಳದ ಲ್ಯಾಬಿದ್ರೆ ಸ್ವಲ್ಪ ಅನುಮಾನ ಇಟ್ಕೊಳ್ಳಿ.

ನಾಲ್ಕನೇದು, ತಂಪು ಮತ್ತು ಸಮಯ. ಬಾಟಲಿ ಮುಚ್ಚಿದ ಕ್ಷಣದಿಂದ ಗಡಿಯಾರ ಓಡುತ್ತೆ. ಬ್ಯಾಕ್ಟೀರಿಯಾ ಮಾದರಿ ಆದಷ್ಟು ಅದೇ ದಿನ ತಲುಪಬೇಕು, ಹೆಚ್ಚೆಂದ್ರೆ 24 ಗಂಟೆ. ಆಮ್ಲ ಹಾಕದ ನೈಟ್ರೇಟ್ ಮಾದರಿಗೆ 48 ಗಂಟೆ. ಫ್ಲೋರೈಡ್ ಪಾಪ ತಾಳ್ಮೆಯದು, 28 ದಿನ ಕಾಯುತ್ತೆ. ಪಿಎಚ್ ಮತ್ತೆ ಉಷ್ಣಾಂಶ ಮಾತ್ರ ಅಲ್ಲೇ, ಬಾವಿ ಪಕ್ಕದಲ್ಲೇ ಅಳೀಬೇಕು. ನಾನು ಮೀನಿನ ಅಂಗಡಿಯಿಂದ ಥರ್ಮಾಕೋಲ್ ಡಬ್ಬಿ ತಂದೆ, ಐಸ್ ಹಾಕಿದೆ, ಬಾಟಲಿಗಳನ್ನ ಪ್ಲಾಸ್ಟಿಕ್ ಕವರಲ್ಲಿ ಸುತ್ತಿದೆ. ಐಸ್ ಕರಗಿದ ನೀರು ಒಳಗೆ ಹೋಗಬಾರದಲ್ಲ. 4 ಡಿಗ್ರಿ ಆಸುಪಾಸು ಇರಬೇಕು, ಆದ್ರೆ ಹೆಪ್ಪುಗಟ್ಟಬಾರದು. ಫ್ರೀಜರಲ್ಲಿ ಇಡಬೇಡಿ. ಮತ್ತೆ, ಶನಿವಾರ ಸಂಜೆ ನೀರು ಹಿಡೀಬೇಡಿ. ಲ್ಯಾಬ್ ತೆಗೆದಿರೋ ದಿನ ಬೆಳಗ್ಗೆ ಹಿಡೀರಿ.

ಐದನೇದು, ಬರವಣಿಗೆ. ಲೇಬಲ್ ಮುಚ್ಚಳದ ಮೇಲಲ್ಲ, ಬಾಟಲಿ ಮೈ ಮೇಲೆ. ಮುಚ್ಚಳ ಅದಲು ಬದಲಾಗುತ್ತೆ. ಊರು, ಬಾವಿ, ದಿನಾಂಕ, ಗಂಟೆ, ಯಾರು ಹಿಡಿದಿದ್ದು, ಯಾವ ಟೆಸ್ಟಿಗೆ, ಆಮ್ಲ ಹಾಕಿದೆಯಾ. ನೀರಲ್ಲಿ ಅಳಿಸದ ಪೆನ್ನಲ್ಲಿ. ಜೊತೆಗೆ ಒಂದು ಹಾಳೆ: ಬೋರ್ ಆಳ ಎಷ್ಟು, ಎಷ್ಟು ಹೊತ್ತು ಪಂಪ್ ಓಡಿಸಿದ್ವಿ, ಮಳೆ ಬಂದಿತ್ತಾ, ಪಕ್ಕದಲ್ಲಿ ಏನಿದೆ. ಫೋನಲ್ಲಿ ಲೊಕೇಶನ್ ಸಮೇತ ಒಂದು ಫೋಟೊ. ಬಾಟಲಿ ಯಾರ ಕೈಯಿಂದ ಯಾರ ಕೈಗೆ, ಎಷ್ಟು ಗಂಟೆಗೆ ಹೋಯ್ತು ಅನ್ನೋದನ್ನೂ ಬರೀಬೇಕು. ನಾಳೆ ಯಾವುದೋ ಕಾರ್ಖಾನೆಯ ತ್ಯಾಜ್ಯದ ವಿಷಯ ಕೋರ್ಟಿಗೆ ಹೋಯ್ತು ಅಂದ್ಕೊಳ್ಳಿ. ಎದುರು ವಕೀಲರು ರಸಾಯನಶಾಸ್ತ್ರದ ಬಗ್ಗೆ ಜಗಳ ಆಡೋ ಅಗತ್ಯವೇ ಇಲ್ಲ. "ಈ ಬಾಟಲಿ ಆ ಬಾವಿದೇ ಅನ್ನೋಕೆ ಸಾಕ್ಷಿ ಏನು?" ಅಂದ್ರೆ ಸಾಕು. ಆ ಹಾಳೆ ಇಲ್ಲ ಅಂದ್ರೆ ಊರೇ ಸೋಲುತ್ತೆ.

ಆಮೇಲೆ ನನಗೆ ತುಂಬಾ ಹಿಡಿಸಿದ ಒಂದು ಉಪಾಯ. ಒಂದೇ ಬಾವಿಯ ಎರಡು ಬಾಟಲಿ ತುಂಬಿ, ಬೇರೆ ಬೇರೆ ನಂಬರ್ ಹಾಕಿ ಕೊಡೋದು. ಎರಡಕ್ಕೂ ಉತ್ತರ ಹತ್ತಿರ ಹತ್ತಿರ ಬರಬೇಕು. ಇನ್ನೊಂದರಲ್ಲಿ ಬರೀ ಶುದ್ಧ ಡಿಸ್ಟಿಲ್ಡ್ ನೀರು. ಅದರಲ್ಲೂ ನೈಟ್ರೇಟ್ ಬಂದ್ರೆ ಬಾಟಲಿಯಲ್ಲೋ, ನಿಮ್ಮ ಕೈಯಲ್ಲೋ, ಲ್ಯಾಬಲ್ಲೋ ಎಲ್ಲೋ ತಪ್ಪಿದೆ. ಇದು ಅಪನಂಬಿಕೆ ಅಲ್ಲ. ಆಡಿಟರ್ ಚೆಕ್ ಮಾಡಿದ್ರೆ ಕ್ಯಾಷಿಯರ್ ಬೇಜಾರು ಮಾಡ್ಕೋಬಾರದು.

ಇಷ್ಟೆಲ್ಲಾ ಸರಿ ಮಾಡಿದ್ರೂ ಇನ್ನೊಂದು ಹಳ್ಳ ಇದೆ. ಲ್ಯಾಬ್ ನೀವು ಕೇಳಿದ್ದನ್ನ ಮಾತ್ರ ಹುಡುಕುತ್ತೆ. ಇದಕ್ಕೆ ಜಗತ್ತಿನ ದೊಡ್ಡ ಪಾಠ ಬಾಂಗ್ಲಾದೇಶದ್ದು. ಅಲ್ಲಿ ಕೆರೆ ಕುಂಟೆ ನೀರಿನಿಂದ ವಾಂತಿಭೇದಿ ಬರುತ್ತೆ ಅಂತ 1970ರ ದಶಕದಿಂದ ಲಕ್ಷಾಂತರ ಕೊಳವೆಬಾವಿ ಹಾಕಿದ್ರು. 1992ರಲ್ಲಿ ಬ್ರಿಟಿಷ್ ಭೂವಿಜ್ಞಾನ ಸಂಸ್ಥೆಯವರು ಅಲ್ಲಿನ ಅಂತರ್ಜಲದ ಮಾದರಿ ಪರೀಕ್ಷೆ ಮಾಡಿದ್ರು. ಹುಡುಕಬೇಕಾದ ಪಟ್ಟಿಯಲ್ಲಿ ಆರ್ಸೆನಿಕ್ ಇರಲಿಲ್ಲ. ಆಮೇಲೆ ಗೊತ್ತಾಯ್ತು, ಅದೇ ದೇಶದ ಕೊಳವೆಬಾವಿಗಳಲ್ಲಿ ಆರ್ಸೆನಿಕ್ ತುಂಬಿದೆ ಅಂತ. ಸಂತ್ರಸ್ತರೊಬ್ಬರು ಲಂಡನ್ನಿನವರೆಗೂ ಕೇಸು ಹಾಕಿದ್ರು. 2006ರಲ್ಲಿ ಅಲ್ಲಿನ ಅತ್ಯುನ್ನತ ಪೀಠ ಕೇಸನ್ನ ವಜಾ ಮಾಡ್ತು. ರಿಪೋರ್ಟಲ್ಲಿ ಒಂದು ಹೆಸರು ಇಲ್ಲ ಅಂದ್ರೆ ನೀರಲ್ಲಿ ಅದು ಇಲ್ಲ ಅಂತಲ್ಲ.

ನಮಗೆ ಇದು ದೂರದ ಕಥೆ ಅಲ್ಲ. ರಾಯಚೂರು, ಯಾದಗಿರಿ ಕಡೆ ಚಿನ್ನದ ಅದಿರಿರೋ ಪ್ರದೇಶದ ಕೆಲವು ಹಳ್ಳಿಗಳಲ್ಲಿ ಆರ್ಸೆನಿಕ್ ಸಿಕ್ಕಿದೆ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಜೊತೆ ಯುರೇನಿಯಂ ಕೂಡ ಪತ್ತೆಯಾಗಿದೆ. ಮಾಮೂಲಿ ಟೆಸ್ಟ್ ಪ್ಯಾಕೇಜಲ್ಲಿ ಇವೆರಡೂ ಸಾಮಾನ್ಯವಾಗಿ ಇರಲ್ಲ. ನಿಮ್ಮ ಊರಿನ ನೆಲ ನೋಡ್ಕೊಂಡು ಕೇಳಬೇಕು.

ರಿಪೋರ್ಟ್ ಓದೋವಾಗ ಎರಡು ಎಚ್ಚರಿಕೆ. ಒಂದು, ನೈಟ್ರೇಟ್ ಅಳತೆಯಲ್ಲಿ ಎರಡು ಥರ ಇದೆ. ಪೂರ್ತಿ ನೈಟ್ರೇಟ್ ಲೆಕ್ಕದಲ್ಲಿ ಮಿತಿ 45. ಅದರಲ್ಲಿರೋ ಸಾರಜನಕವನ್ನ ಮಾತ್ರ ಲೆಕ್ಕ ಹಾಕಿದ್ರೆ ಅದೇ ಮಿತಿ ಸುಮಾರು 10. ರಿಪೋರ್ಟಲ್ಲಿ "ಸಾರಜನಕವಾಗಿ" ಅಂತ ಸಣ್ಣಕ್ಷರದಲ್ಲಿ ಬರೆದು 20 ಅಂತ ಕೊಟ್ಟಿದ್ರೆ ನೀವು 45ಕ್ಕಿಂತ ಕಡಿಮೆ ಅಂತ ನಿಟ್ಟುಸಿರು ಬಿಡ್ತೀರ. ಅದು ನಿಜಕ್ಕೂ ಮಿತಿಯ ಎರಡರಷ್ಟು. ಬ್ಯಾಲೆನ್ಸ್ ಶೀಟಲ್ಲಿ "ಲಕ್ಷಗಳಲ್ಲಿ" ಅನ್ನೋದನ್ನ ನೋಡದೇ ಓದಿದ ಹಾಗೆ.

ಎರಡು, ನನ್ನಂಥ ಕಾಮರ್ಸ್ ಮಂದಿಗೆ ಇಷ್ಟ ಆಗೋದು. ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ ಥರದ ಧನ ಅಯಾನುಗಳ ಮೊತ್ತ, ಕ್ಲೋರೈಡ್, ಸಲ್ಫೇಟ್, ಬೈಕಾರ್ಬೊನೇಟ್, ನೈಟ್ರೇಟ್ ಥರದ ಋಣ ಅಯಾನುಗಳ ಮೊತ್ತ ಎರಡೂ ತಾಳೆ ಆಗಬೇಕು. ಶೇ 5ರ ಆಸುಪಾಸಿನ ವ್ಯತ್ಯಾಸ ಪರವಾಗಿಲ್ಲ, ಜಾಸ್ತಿ ಇದ್ರೆ ಏನೋ ತಪ್ಪಿದೆ. ಡೆಬಿಟ್, ಕ್ರೆಡಿಟ್! ನಾನು ಖುಷಿಯಾಗಿ, "ಹಾಗಾದ್ರೆ ನನ್ನ ಮೊದಲ ರಿಪೋರ್ಟ್ ತಾಳೆ ಆಗ್ತಿರಲಿಲ್ಲ ಅಲ್ವಾ ಮೇಡಂ?" ಅಂದೆ. "ಆಗಿರ್ತಿತ್ತು" ಅಂದ್ರು. ಬ್ಯಾಕ್ಟೀರಿಯಾ ನೈಟ್ರೇಟ್ ತಿಂದಾಗ ಅದರ ಬದಲು ಬೈಕಾರ್ಬೊನೇಟ್ ಬಿಟ್ಟು ಹೋಗುತ್ತಂತೆ. ಒಂದು ಎಂಟ್ರಿ ಅಳಿಸಿ ಅಷ್ಟೇ ಮೊತ್ತದ ಇನ್ನೊಂದು ಎಂಟ್ರಿ ಬರೆದ ಹಾಗೆ. ಪುಸ್ತಕ ಟ್ಯಾಲಿ, ಕಥೆ ಸುಳ್ಳು. ಬಾಟಲಿಯಲ್ಲಿ ಆದ ಮೋಸವನ್ನ ಆಮೇಲೆ ಯಾವ ಲೆಕ್ಕವೂ ಹಿಡಿಯಲ್ಲ ಅನ್ನೋದು ನನಗೆ ಆವತ್ತು ಅರ್ಥ ಆಯ್ತು.

ಎರಡನೇ ರಿಪೋರ್ಟ್ ಬಂತು. ಬೇರೆ ಲ್ಯಾಬ್, ಸರಿಯಾದ ಬಾಟಲಿ, ಐಸ್, ಹಿಡಿದ ನಾಲ್ಕು ಗಂಟೆಯೊಳಗೆ ಕೊಟ್ಟಿದ್ದು. ಒಂದೇ ಬಾವಿಯ ಎರಡು ಬಾಟಲಿ. ಒಂದರಲ್ಲಿ 96. ಇನ್ನೊಂದರಲ್ಲಿ 94. ಮಿತಿ 45.

ಮಗುನ ಕರ್ಕೊಂಡು ಡಾಕ್ಟ್ರ ಹತ್ರ ಹೋದ್ವಿ. ಅಪ್ಪ ದಾರಿಯುದ್ದಕ್ಕೂ ಮಾತಾಡಲಿಲ್ಲ. ಡಾಕ್ಟ್ರು ತುಟಿ ನೋಡಿದ್ರು, ಉಗುರು ನೋಡಿದ್ರು, ಬೆರಳಿಗೆ ಕ್ಲಿಪ್ ಹಾಕಿದ್ರು, ರಕ್ತ ಪರೀಕ್ಷೆ ಮಾಡಿಸಿದ್ರು. ಮಗು ಚೆನ್ನಾಗಿತ್ತು. ಈಗಲೂ ಚೆನ್ನಾಗಿದೆ, ಮೊನ್ನೆ ನನ್ನ ಮೈಕಿನ ವೈರ್ ಕಚ್ಚಿದೆ. ನಮ್ಮದು ಜಾಣತನ ಅಲ್ಲ, ಅದೃಷ್ಟ. ದಿನಕ್ಕೆ ಎರಡು ಸಲ ಮಾತ್ರ ಪುಡಿ ಹಾಲು ಕೊಡ್ತಿದ್ರು, ಉಳಿದಿದ್ದು ಅಕ್ಕನ ಹಾಲೇ. ಬಹುಶಃ ಅದೇ ಕಾಪಾಡ್ತು.

ಈಗ ನಮ್ಮನೇಲಿ ಕುಡಿಯೋಕೆ, ಅಡುಗೆಗೆ ಊರಿನ ಶುದ್ಧ ನೀರಿನ ಘಟಕದ ಆರ್‌ಒ ನೀರು. ಅದನ್ನೂ ಟೆಸ್ಟ್ ಮಾಡಿಸಿದ್ವಿ, ಸರಿಯಾದ ಬಾಟಲಿಯಲ್ಲಿ. ಘಟಕ ಇದೆ ಅಂದ ಮಾತ್ರಕ್ಕೆ ಅದು ಕೆಲಸ ಮಾಡ್ತಿದೆ ಅಂತಲ್ಲ. ಅಪ್ಪ ತಿಪ್ಪೆನ ಹೊಲದ ಕಡೆಗೆ ಸಾಗಿಸಿದಾರೆ. ಅದರಿಂದ ನೈಟ್ರೇಟ್ ನಾಳೆಯೇ ಇಳಿಯಲ್ಲ, ನೆಲಕ್ಕೆ ಇಳಿದಿದ್ದು ಹೊರಗೆ ಬರೋಕೆ ವರ್ಷಗಳೇ ಬೇಕು. ಮಳೆಗೆ ಮುಂಚೆ ಒಂದು ಸಲ, ಮಳೆ ಮುಗಿದ ಮೇಲೆ ಒಂದು ಸಲ ಟೆಸ್ಟ್ ಮಾಡಿಸ್ತೀವಿ.

ನೀವೂ ಮಾಡಿಸಬಹುದು. ಜಿಲ್ಲೆ, ತಾಲ್ಲೂಕು ಮಟ್ಟದಲ್ಲಿ ಸರ್ಕಾರದ ಕುಡಿಯುವ ನೀರಿನ ಪ್ರಯೋಗಾಲಯಗಳಿವೆ, ಜನಸಾಮಾನ್ಯರೂ ಕೊಡಬಹುದು. ಜಲ ಜೀವನ್ ಮಿಷನ್ ಅಡಿ ಪ್ರತಿ ಊರಿನಲ್ಲಿ ಐದು ಜನ ಹೆಣ್ಣುಮಕ್ಕಳಿಗೆ ಕಿಟ್ ಕೊಟ್ಟು ನೀರು ಪರೀಕ್ಷೆ ಕಲಿಸಬೇಕು ಅಂತಿದೆ. ನಿಮ್ಮೂರಲ್ಲಿ ಅವರು ಯಾರು ಅಂತ ಪಂಚಾಯ್ತಿಯಲ್ಲಿ ಕೇಳಿ. ಕಿಟ್ ಪೆಟ್ಟಿಗೆ ಎಲ್ಲೋ ಬೀರು ಮೇಲೆ ಧೂಳು ಹಿಡಿದಿದ್ರೆ ಇಳಿಸಿ, ಒಳಗಿರೋ ಔಷಧಿ ಅವಧಿ ಮುಗಿದಿದೆಯಾ ನೋಡಿ. ಕಿಟ್ಟಲ್ಲಿ ಬಣ್ಣ ಬದಲಾದ್ರೆ ಲ್ಯಾಬಿಗೆ ಕಳಿಸಿ.

ಮತ್ತೆ ಕಳಿಸೋವಾಗ ನನ್ನ ಜ್ಯೂಸ್ ಬಾಟಲಿ ನೆನಪು ಮಾಡ್ಕೊಳ್ಳಿ. ಟೆಸ್ಟ್ ಮಾಡಿಸದ ನೀರಿನ ಬಗ್ಗೆ ಮನಸ್ಸಲ್ಲಿ ಸಣ್ಣ ಅನುಮಾನ ಆದ್ರೂ ಇರುತ್ತೆ. ತಪ್ಪು ಮಾದರಿಯ ಒಳ್ಳೇ ರಿಪೋರ್ಟ್ ಆ ಅನುಮಾನವನ್ನೂ ಕಿತ್ಕೊಂಡು ಬಿಡುತ್ತೆ. ಅಮ್ಮಂಗೆ ಮೊದಲು ಸ್ವಲ್ಪ ಹೆದರಿಕೆ ಇತ್ತು. ಅದನ್ನ ಹೋಗಿಸಿದ್ದು ನಾನು, ಒಂದು ಪಿಡಿಎಫ್ ಕಳಿಸಿ.

ಆ ಪಿಡಿಎಫ್ ಇನ್ನೂ ಫ್ಯಾಮಿಲಿ ಗ್ರೂಪಲ್ಲಿದೆ. ಅಳಿಸಿಲ್ಲ. ಅದರ ಕೆಳಗೇ ಎರಡನೇ ರಿಪೋರ್ಟ್ ಹಾಕಿದೀನಿ. ಅಪ್ಪ ಈ ಸಲ ಹೆಬ್ಬೆಟ್ಟು ಎತ್ತಲಿಲ್ಲ. "ಬಾಟಲಿ ಯಾವುದು?" ಅಂತ ಕೇಳಿದಾರೆ.

ಇವತ್ತಿಗೆ ಇಷ್ಟೇ. ಊರಲ್ಲಿ ಬೋರ್ ನೀರು ಕುಡಿಯೋರು, ಮನೇಲಿ ಚಿಕ್ಕ ಮಗು ಇರೋರು ಯಾರಾದ್ರೂ ಗೊತ್ತಿದ್ರೆ ಈ ಸಂಚಿಕೆ ಅವರಿಗೆ ಕಳಿಸಿ. ಮುಂದಿನ ವಾರ ಸಿಗೋಣ.